ಅಂಕಿತವೂ ಗೋಪಾಳವೂ: ಉತ್ತನೂರಿನ ಗೋಪಾಲದಾಸರು

ಕೃಷ್ಣೆ ಮತ್ತು ತುಂಗಭದ್ರೆಗಳು ಒಂದಾಗುವ ಮುನ್ನ ತಮ್ಮ ನಡುವೆ ಉಳಿಸಿಕೊಟ್ಟ ನೆಲವನ್ನು ಗದ್ವಾಲ ಸೀಮೆಯ ಜನ ನಡಿಗಡ್ಡೆ ಎಂದು ಕರೆಯುತ್ತಾರೆ. ಆ ನೆಲವನ್ನು ಹಿಡಿದು ಪಶ್ಚಿಮಕ್ಕೆ ನಡೆದರೆ ರಾಯಚೂರು. ಕೃಷ್ಣೆಯನ್ನು ಉತ್ತರಕ್ಕೆ ದಾಟಿದರೆ ಮಕ್ತಲ್, ಅದರಾಚೆ ನಾರಾಯಣಪೇಟೆ. ಈ ಊರುಗಳ ಸಂತೆಗಳಲ್ಲಿ ತೆಲುಗು, ಕನ್ನಡ, ಉರ್ದು ಮೂರೂ ಒಂದೇ ತಕ್ಕಡಿಯ ಮುಂದೆ ನಿಲ್ಲುತ್ತವೆ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯ ಭಾಗವಾಗಿದ್ದವು. ಭಾಷಾವಾರು ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣದ ಪಾಲಾದವು. 2016ರಿಂದ ಜೋಗುಳಾಂಬ ಗದ್ವಾಲ ಎಂಬ ಜಿಲ್ಲೆಯಾಗಿ ನಿಂತಿವೆ. ಹೀಗೆ ನಕ್ಷೆ ಬದಲಾದಾಗ ಕನ್ನಡ ಸಾಹಿತ್ಯಚರಿತ್ರೆಯ ಒಂದು ಮುಖ್ಯ ಊರೂ ಗಡಿಯಾಚೆ ಹೋಯಿತು. ಅದು ಐಜದ ಬಳಿಯ ಉತ್ತನೂರು. ಹರಿದಾಸ ಪರಂಪರೆಯಲ್ಲಿ ಪುರಂದರದಾಸರು, ವಿಜಯದಾಸರು, ಜಗನ್ನಾಥದಾಸರ ಜೊತೆಗೆ ಎಣಿಸಲ್ಪಡುವ ಗೋಪಾಲದಾಸರು ಬಾಳಿದ, ಹಾಡಿದ, ದೇಹವಿಟ್ಟ ಊರು ಅದು.

ದಾಸಸಾಹಿತ್ಯದ ಪಾಠ ನಡೆಯುತ್ತಿರುವಾಗ ತರಗತಿಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಪಠ್ಯದಲ್ಲಿರುವ ಪದವನ್ನು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಹುಡುಕುತ್ತಾರೆ; ಕ್ಷಣದಲ್ಲಿ ಹತ್ತು ದನಿಗಳಲ್ಲಿ ಅದು ಸಿಗುತ್ತದೆ; ಅದನ್ನು ಇಳಿಸಿಕೊಂಡು ಒಬ್ಬರು ಮತ್ತೊಬ್ಬರಿಗೆ ಕಳಿಸುತ್ತಾರೆ. ಬಿಡುಗಡೆಯಾದ ದಿನವೇ ಕದ್ದ ಪ್ರತಿಯಾಗಿ ಹರಿದಾಡುವ ಸಿನಿಮಾವನ್ನು ನೋಡುವುದು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ, ನೋಡುವುದನ್ನು ಬಿಡದಿದ್ದರೂ. ಆದರೆ ಎರಡೂವರೆ ಶತಮಾನದ ಹಿಂದಿನ ದಾಸರ ಪದಕ್ಕೆ ಒಡೆಯನಾರು, ಒಡೆಯನಿಲ್ಲದ್ದನ್ನು ಕದಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಒಂದೇ ವಾಕ್ಯದಲ್ಲಿ ಉತ್ತರಿಸಲು ಬಾರದ ಪ್ರಶ್ನೆಯಿದು. ಗೋಪಾಲದಾಸರ ಬಾಳನ್ನು ಈ ದೃಷ್ಟಿಯಿಂದ ಒಮ್ಮೆ ಓದಿ ನೋಡಬೇಕೆನಿಸಿದ್ದು ಅದರಿಂದಲೇ. ಒಡೆತನವೆಂದರೇನು, ಅದನ್ನು ಕಳೆದುಕೊಳ್ಳುವುದೆಂದರೇನು ಎಂಬುದನ್ನು ಅವರು ಎಳೆಯ ವಯಸ್ಸಿನಲ್ಲೇ ಅರಿತವರು.

ಅವರು ಹುಟ್ಟಿದ್ದು 1721ರ ಸುಮಾರಿಗೆ, ಇಂದಿನ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ. ತಂದೆ ಮುರಾರಿ, ತಾಯಿ ವೆಂಕಮ್ಮ. ಮನೆಯಲ್ಲಿ ಇಟ್ಟ ಹೆಸರು ಭಾಗಣ್ಣ. ಸೀನಪ್ಪ, ದಾಸಪ್ಪ, ರಂಗಪ್ಪ ಎಂಬ ಮೂವರು ತಮ್ಮಂದಿರು. ಮಕ್ಕಳು ಇನ್ನೂ ಚಿಕ್ಕವರಿರುವಾಗಲೇ ತಂದೆ ತೀರಿಕೊಂಡರು. ಮನೆತನಕ್ಕೆ ಬರುತ್ತಿದ್ದ ವೃತ್ತಿ ಮತ್ತು ಆಸ್ತಿಯನ್ನು ದಾಯಾದಿಗಳು ಕಿತ್ತುಕೊಂಡರು. ವೆಂಕಮ್ಮನವರು ನಾಲ್ವರು ಗಂಡುಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಸಂಪ್ರದಾಯದ ಚರಿತ್ರೆಗಳು ಈ ಘಟನೆಯನ್ನು ಎರಡು ಮಾತಿನಲ್ಲಿ ಮುಗಿಸಿ ಮುಂದಿನ ಪವಾಡಗಳಿಗೆ ಹೋಗಿಬಿಡುತ್ತವೆ. ನಾವು ಇಲ್ಲಿ ತುಸು ನಿಲ್ಲಬೇಕು.

ವೃತ್ತಿ ಎಂಬ ಮಾತಿಗೆ ಇಂದು ನಾವು ಕೊಡುವ ಅರ್ಥವಲ್ಲ ಅಂದಿನದು. ಹದಿನೆಂಟನೆಯ ಶತಮಾನದ ಗ್ರಾಮಜೀವನದಲ್ಲಿ ಲೆಕ್ಕ ಬರೆಯುವ ಹಕ್ಕು, ಪೌರೋಹಿತ್ಯದ ಹಕ್ಕು, ಪಂಚಾಂಗ ಓದುವ ಹಕ್ಕು, ಇವೆಲ್ಲ ಹೊಲಗದ್ದೆಗಳಂತೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಸ್ವತ್ತುಗಳು. ಅವನ್ನು ಅಣ್ಣತಮ್ಮಂದಿರಲ್ಲಿ ಪಾಲು ಮಾಡಬಹುದಿತ್ತು, ಅಡವಿಡಬಹುದಿತ್ತು, ಮಾರಬಹುದಿತ್ತು. ಸುಗ್ಗಿಯಲ್ಲಿ ರಾಶಿಯಿಂದ ಇಷ್ಟು ಕಾಳು, ಮದುವೆ ಮುಂಜಿಗಳಲ್ಲಿ ಇಷ್ಟು ದಕ್ಷಿಣೆ ಎಂದು ಅವುಗಳ ಆದಾಯ ಗೊತ್ತಾಗಿರುತ್ತಿತ್ತು. ಅದನ್ನು ಒಬ್ಬ ತೆಗೆದುಕೊಂಡರೆ ಇನ್ನೊಬ್ಬನಿಗೆ ಉಳಿಯುವುದಿಲ್ಲ. ಹಕ್ಕಿನ ಸನದು ಯಾರ ಕೈಯಲ್ಲಿದೆಯೋ, ಊರಿನ ಹಿರಿಯರು ಯಾರ ಮಾತಿಗೆ ತಲೆದೂಗುತ್ತಾರೋ ಅವನೇ ಒಡೆಯ. ತಂದೆಯಿಲ್ಲದ ಮಕ್ಕಳ ಪಕ್ಷಕ್ಕೆ ಇವೆರಡೂ ಇರಲಿಲ್ಲ. ಭಾಗಣ್ಣನ ಬಾಲ್ಯದ ಮೊದಲ ಪಾಠವೇ ಕಳವು, ಅದೂ ಬಂಧುಗಳಿಂದ.

ವಿಧವೆ ತಾಯಿಯೂ ನಾಲ್ವರು ಮಕ್ಕಳೂ ಸಂಕಾಪುರದಲ್ಲಿ ನೆಲೆ ಕಂಡರು. ಊರ ಹೊರಗಿನ ಹನುಮಂತನ ಗುಡಿಯಲ್ಲಿ ಭಾಗಣ್ಣ ಗಾಯತ್ರಿಯ ಅನುಷ್ಠಾನಕ್ಕೆ ಕುಳಿತನೆಂದೂ, ಅದು ಸಿದ್ಧಿಸಿ ಕಾಲಜ್ಞಾನ ಕೈವಶವಾಯಿತೆಂದೂ ಭಕ್ತರು ನಂಬುತ್ತಾರೆ. ಕೇಳಿದವರಿಗೆ ಭವಿಷ್ಯ ಹೇಳುವ ಹುಡುಗನ ಕೀರ್ತಿ ಸುತ್ತಲ ಹಳ್ಳಿಗಳಿಗೆ ಹಬ್ಬಿತು, ಜನ ಬರತೊಡಗಿದರು, ಮನೆಗೆ ಕಾಳುಕಡಿ ಬರತೊಡಗಿತು. ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಬಿಟ್ಟದ್ದು. ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಕಾಣಬೇಕಾದ ವಿಷಯ ಬೇರೆ. ಸನದಿನ ಮೇಲೆ ನಿಂತಿದ್ದ ಜೀವನವನ್ನು ಕಳೆದುಕೊಂಡ ಮನೆತನ ಈಗ ಯಾರೂ ಕಿತ್ತುಕೊಳ್ಳಲಾಗದ ವಿದ್ಯೆಯ ಮೇಲೆ ನಿಂತಿತು. ಮುಂದೆ ಸಂಸಾರ ಉತ್ತನೂರಿಗೆ ಬಂದಾಗ ಭಾಗಣ್ಣ ಆಗಲೇ ಹೆಸರಾಂತ ಜೋಯಿಸ. ಹೀಗೇ ಮುಂದುವರಿದಿದ್ದರೆ ನಡಿಗಡ್ಡೆಯ ನಾಲ್ಕಾರು ಹಳ್ಳಿಗಳಲ್ಲಿ ಎರಡು ತಲೆಮಾರಿನವರೆಗೆ ಹೆಸರು ಉಳಿಯುತ್ತಿತ್ತು, ಕನ್ನಡದಲ್ಲಿ ಉಳಿಯುತ್ತಿರಲಿಲ್ಲ.

ಆ ದಿಕ್ಕನ್ನು ಬದಲಿಸಿದವರು ವಿಜಯದಾಸರು. ಮಾನ್ವಿಯ ಬಳಿಯ ಚೀಕಲಪರ್ವಿಯಲ್ಲಿ ಹುಟ್ಟಿ, ಬಡತನದಲ್ಲಿ ಊರೂರು ಅಲೆದು, ಕೊನೆಗೆ ಪುರಂದರದಾಸರಿಂದಲೇ ಕನಸಿನಲ್ಲಿ ವಿಜಯವಿಠಲ ಎಂಬ ಅಂಕಿತ ಪಡೆದರೆಂದು ಪ್ರತೀತಿಯಿರುವ ಹಿರಿಯರು ಅವರು. ಭಾಗಣ್ಣನಿಗೆ ಅವರು ಗೋಪಾಲವಿಠಲ ಎಂಬ ಅಂಕಿತವನ್ನು ದಯಪಾಲಿಸಿದರು. ಅಂದಿನಿಂದ ಭಾಗಣ್ಣ ಗೋಪಾಲದಾಸರಾದರು. ಶಿಷ್ಯನ ಭಕ್ತಿಯನ್ನು ಗುರುಗಳು ಎಷ್ಟು ಮೆಚ್ಚಿದ್ದರೆಂದರೆ, ಹರಿದಾಸ ಪರಂಪರೆ ಇಂದಿಗೂ ಗೋಪಾಲದಾಸರನ್ನು ನೆನೆಯುವುದು ಭಕ್ತಿಗೆ ಮಾದರಿಯೆಂದೇ. ಅವರನ್ನು ಗಣಪತಿಯ ಅಂಶವೆಂದು ಭಾವಿಸುವ ವಾಡಿಕೆಯೂ ಇದೆ.

ಅಂಕಿತವೆಂದರೆ ಪದದ ಕೊನೆಯ ನುಡಿಯಲ್ಲಿ ಬರುವ ಮುದ್ರಿಕೆ ಎಂದು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಅದರ ಒಳಗಿನ ವ್ಯವಸ್ಥೆ ಅಷ್ಟು ಸರಳವಲ್ಲ. ಮೊದಲನೆಯದಾಗಿ, ಅಂಕಿತವನ್ನು ಕವಿ ತಾನೇ ಆರಿಸಿಕೊಳ್ಳುವಂತಿಲ್ಲ, ಗುರು ಕೊಡಬೇಕು. ಆದ್ದರಿಂದ ಅದು ಹೆಸರೂ ಹೌದು, ಹಾಡಲು ಕೊಟ್ಟ ಅಪ್ಪಣೆಯೂ ಹೌದು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರು ಬಳಸುವಂತಿಲ್ಲ. ಶ್ರೀಪಾದರಾಜರಿಗೆ ರಂಗವಿಠಲ, ವ್ಯಾಸರಾಯರಿಗೆ ಸಿರಿಕೃಷ್ಣ, ಕನಕದಾಸರಿಗೆ ಕಾಗಿನೆಲೆಯಾದಿಕೇಶವ ಎಂಬಂತೆ ಪ್ರತಿಯೊಬ್ಬರ ಮುದ್ರೆ ಬೇರೆ. ಹೀಗೆ ನೋಡಿದರೆ ಇದು ಅಂದಿನ ಕಾಲದ ನೋಂದಣಿ. ಇನ್ನೊಂದು ವಿಷಯ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಅಂಕಿತದಲ್ಲಿರುವುದು ದೇವರ ಹೆಸರು, ಕವಿಯದಲ್ಲ. ಭಾಗಣ್ಣ ಎಂಬ ಹೆಸರು ಆ ಪದಗಳಲ್ಲಿ ಎಲ್ಲಿಯೂ ಸಹಿಯಾಗಿ ನಿಲ್ಲುವುದಿಲ್ಲ. ಯಾರು ಬರೆದರೆಂದು ತಿಳಿಸುವ ಗುರುತೇ ಇದು ನನ್ನದಲ್ಲ ಎಂದೂ ಹೇಳುತ್ತದೆ. ಹಾಡು ಯಾರಿಂದ ಬಂತೆಂಬುದನ್ನು ಮರೆಯಬಾರದು, ಆದರೆ ಅದನ್ನು ಯಾರೂ ಕಟ್ಟಿಹಾಕಬಾರದು ಎಂಬ ಎರಡು ನಿಲುವುಗಳನ್ನು ಒಂದೇ ಪದದೊಳಗೆ ಇರಿಸಿದ ಈ ಜಾಣ್ಮೆಗೆ ನಮ್ಮ ಸಾಹಿತ್ಯಚರಿತ್ರೆಕಾರರು ಸಲ್ಲಬೇಕಾದಷ್ಟು ಗಮನ ಸಲ್ಲಿಸಿಲ್ಲವೆಂದೇ ನನ್ನ ಅನಿಸಿಕೆ.

ಅಂಕಿತದ ಮಹತ್ವ ಹಳೆಯ ಕಾಲದ ಮಾತಷ್ಟೇ ಅಲ್ಲ. ವಚನಗಳ ಒಂದು ಸಂಕಲನದಲ್ಲಿ ಬಸವಣ್ಣನವರ ಕೂಡಲಸಂಗಮದೇವ ಎಂಬ ಅಂಕಿತವನ್ನು ಬದಲಿಸಿ ಅಚ್ಚು ಮಾಡಿದ ಕಾರಣಕ್ಕೆ 1998ರಲ್ಲಿ ಕರ್ನಾಟಕ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ನಡೆದು 2017ರಲ್ಲಿ ಸರ್ಕಾರದ ಕ್ರಮವೇ ಊರ್ಜಿತವಾಯಿತು. ಎಂಟು ಶತಮಾನಗಳ ಹಿಂದಿನ ರಚನೆಗೆ ಕಾನೂನಿನ ಪ್ರಕಾರ ಯಾವ ವಾರಸುದಾರನೂ ಇಲ್ಲ. ಆದರೂ ಅದರ ಮುದ್ರಿಕೆಗೆ ಕೈ ಹಚ್ಚಿದರೆ ನಾಡು ಸುಮ್ಮನಿರಲಿಲ್ಲ.

ಗೋಪಾಲದಾಸರ ಮನೆಯಲ್ಲೇ ಈ ವಿಷಯದ ಇನ್ನೊಂದು ಮುಖವಿದೆ. ತಮ್ಮಂದಿರು ಮೂವರೂ ಹರಿದಾಸರಾದರು. ಗುರುಗೋಪಾಲವಿಠಲ, ವರದಗೋಪಾಲವಿಠಲ, ತಂದೆಗೋಪಾಲವಿಠಲ ಎಂಬ ಮೂರು ಅಂಕಿತಗಳು ಅವರವು. ನಾಲ್ಕೂ ಅಂಕಿತಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ಅಣ್ಣನ ಅಂಕಿತ ತಮ್ಮಂದಿರ ಅಂಕಿತಗಳ ಹೊಟ್ಟೆಯೊಳಗೇ ಇದೆ. ಓಲೆಯ ಅಂಚು ಮುರಿದರೆ, ಪ್ರತಿ ಮಾಡುವವನ ಕಣ್ಣು ಒಂದು ಕ್ಷಣ ತಪ್ಪಿದರೆ, ಹಾಡುವವರು ತಾಳಕ್ಕೆ ಹೊಂದಿಸಲು ಎರಡು ಮಾತ್ರೆ ಬಿಟ್ಟರೆ ವರದ, ಗುರು, ತಂದೆ ಎಂಬ ಮೊದಲ ಮಾತು ಉದುರಿ ತಮ್ಮನ ಪದ ಅಣ್ಣನದಾಗಿಬಿಡುತ್ತದೆ. ಇದರಲ್ಲಿ ಕಳ್ಳನೇ ಇಲ್ಲ, ಆದರೂ ಒಬ್ಬನ ರಚನೆ ಕಳೆದುಹೋಗಿದೆ. ಗೋಪಾಲದಾಸರ ಕೃತಿಗಳ ಪಾಠವನ್ನು ಓದುವ ವಿದ್ಯಾರ್ಥಿಗಳು, ವಿಶೇಷವಾಗಿ ಮುಂದೆ ಸಂಪಾದನೆಯ ಕೆಲಸಕ್ಕೆ ಇಳಿಯುವವರು, ಅಂಕಿತದ ಹಿಂದಿನ ಆ ಎರಡಕ್ಷರದ ಕಡೆಗೆ ಕಣ್ಣಿಟ್ಟಿರಬೇಕು. ಛಂದಸ್ಸು, ತಾಳದ ಲೆಕ್ಕ, ಹಸ್ತಪ್ರತಿಗಳ ಹೋಲಿಕೆ ಇವುಗಳಿಂದ ಮಾತ್ರ ಅದನ್ನು ನಿಶ್ಚಯಿಸಬಹುದು. ಸುಳಾದಿಗಳಲ್ಲಿ ಈ ಕೆಲಸ ಇನ್ನೂ ಕಷ್ಟ. ಧ್ರುವ, ಮಠ್ಯ, ರೂಪಕ, ಝಂಪೆ ಎಂದು ಬೇರೆ ಬೇರೆ ತಾಳಗಳಲ್ಲಿ ನಡೆದು ಕೊನೆಗೆ ಜತೆಯಲ್ಲಿ ಮುಗಿಯುವ ಆ ಬಂಧವನ್ನು ಹಾಡಬಲ್ಲವರು ಕಡಿಮೆಯಾದಂತೆಲ್ಲ ಅದರ ಪಾಠವನ್ನು ತಿದ್ದಬಲ್ಲವರೂ ಕಡಿಮೆಯಾದರು.

ಇನ್ನು ಹೊಟ್ಟೆಪಾಡಿನ ಮಾತು. ದಾಸರಾದವರು ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ತಾಳ ಹಿಡಿದು, ಹಾಡುತ್ತ ಮನೆಮನೆಯ ಮುಂದೆ ನಿಲ್ಲುವುದು ಪದ್ಧತಿ. ಹಾಗೆ ಬೇಡುವ ಭಿಕ್ಷೆಗೆ ಕನ್ನಡದಲ್ಲಿ ಗೋಪಾಳ ಎಂಬ ಹೆಸರೇ ಇದೆ. ಅದನ್ನು ಹಾಕಿಸಿಕೊಳ್ಳುವುದು ಗೋಪಾಳಬುಟ್ಟಿ. ನಮ್ಮ ದಾಸರ ಅಂಕಿತವೂ ಜೀವನೋಪಾಯವೂ ಒಂದೇ ಅಕ್ಷರದ ಅಂತರದಲ್ಲಿ ನಿಂತಿರುವುದು ಕಾಕತಾಳೀಯವಿರಬಹುದು, ಆದರೂ ಸೊಗಸಾಗಿದೆ. ಈ ಗೋಪಾಳಕ್ಕೆ ದರವಿಲ್ಲ. ಇದ್ದ ಮನೆಯವರು ಸೇರು ಜೋಳ ಹಾಕಬಹುದು, ಇಲ್ಲದವರು ಒಂದು ಹಿಡಿ. ಹಾಕದವರ ಮನೆಯ ಮುಂದೆಯೂ ಪದ ಮುಗಿಯುವವರೆಗೆ ದಾಸರು ನಿಲ್ಲುತ್ತಿದ್ದರು. ಹಾಡನ್ನು ಅರ್ಧಕ್ಕೆ ತಡೆಯುವ ವ್ಯವಹಾರ ಅದರಲ್ಲಿರಲಿಲ್ಲ. ನಾಳೆಗೆಂದು ಕೂಡಿಡುವುದೂ ಸಲ್ಲದು. ಒಬ್ಬ ಕೇಳುಗನ ಶಕ್ತಿಗೆ ತಕ್ಕ ಬೆಲೆ, ಒಬ್ಬ ಹಾಡುಗಾರನ ಒಂದು ದಿನಕ್ಕೆ ಸಾಕಾಗುವ ಬೆಲೆ ಎಂದು ಇದನ್ನು ವಿವರಿಸಬಹುದು. ಆದರೆ ಬೆಲೆಯೇ ಇಲ್ಲವೆಂದು ಮಾತ್ರ ಹೇಳಲಾಗದು. ಹಾಡಿದವನನ್ನು ಬರಿಗೈಯಲ್ಲಿ ಕಳಿಸುವುದು ಗೃಹಸ್ಥನಿಗೆ ಕುಂದು ಎಂಬ ಭಾವನೆ ಊರಿನಲ್ಲಿ ಬೇರೂರಿದ್ದರಿಂದಲೇ ಆ ಪದ್ಧತಿ ನಡೆಯುತ್ತಿತ್ತು. ಬರಗಾಲಗಳಿಗೂ ದಂಡುಗಳ ಓಡಾಟಕ್ಕೂ ಹೆಸರಾದ ಆ ಸೀಮೆಯಲ್ಲಿ ಈ ಮರ್ಯಾದೆ ಉಳಿದದ್ದು ಸಣ್ಣ ವಿಷಯವಲ್ಲ.

ಇದಕ್ಕೆ ಹೋಲಿಸಲು ಅದೇ ನೆಲದಲ್ಲಿ ಇನ್ನೊಂದು ಬಗೆಯ ಆಶ್ರಯವೂ ಇತ್ತು. ಸೋಮನಾದ್ರಿಯ ಕಾಲದಿಂದ ಕೋಟೆ ಕಟ್ಟಿಕೊಂಡು ನಿಂತ ಗದ್ವಾಲ ಸಂಸ್ಥಾನ ಮುಂದಿನ ದಿನಗಳಲ್ಲಿ ಪಂಡಿತರ ಸನ್ಮಾನಕ್ಕೆ ಪ್ರಸಿದ್ಧವಾಗಿ ವಿದ್ವದ್ಗದ್ವಾಲವೆಂದೇ ಹೆಸರಾಯಿತು. ಅಲ್ಲಿ ಸಂಸ್ಕೃತ, ತೆಲುಗು ವಿದ್ವಾಂಸರಿಗೆ ವಿದ್ಯೆಯ ತೂಕಕ್ಕೆ ತಕ್ಕ ಸಂಭಾವನೆ. ಕನ್ನಡದ ಪದ ಹಾಡುವ ದಾಸನಿಗೆ ಬೀದಿಯ ಗೋಪಾಳ. ಯಾವ ಭಾಷೆಯ ಹಾಡಿಗೆ ಎಷ್ಟು ಬೆಲೆ ಎಂಬ ಈ ತಾರತಮ್ಯ ಗೋಪಾಲದಾಸರ ಜೀವನದ ಅತ್ಯಂತ ಪ್ರಸಿದ್ಧ ಪ್ರಸಂಗದ ಬುಡದಲ್ಲೂ ಇದೆ.

ಮಾನ್ವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಘನ ವಿದ್ವಾಂಸರು. ಹುಟ್ಟಿದ್ದು 1728ರ ಸುಮಾರಿಗೆ; ದಾಸರಿಗಿಂತ ಕೆಲವೇ ವರ್ಷ ಚಿಕ್ಕವರು. ಗೆಜ್ಜೆ ಕಟ್ಟಿ ಕನ್ನಡದಲ್ಲಿ ಕುಣಿದು ಹಾಡುವವರ ಬಗ್ಗೆ ಅವರಿಗೆ ತಾತ್ಸಾರ. ವಿಜಯದಾಸರು ಊರಿಗೆ ಬಂದು ಪ್ರಸಾದಕ್ಕೆ ಕರೆದಾಗ ಹೊಟ್ಟೆನೋವೆಂಬ ನೆವ ಹೇಳಿ ತಪ್ಪಿಸಿಕೊಂಡರು. ನೆವವೇ ನಿಜವಾಗಿ, ಉಂಡದ್ದು ಜೀರ್ಣವಾಗದ ಉದರಶೂಲೆ ಅವರನ್ನು ಹಿಡಿಯಿತು. ಮಂತ್ರಾಲಯದಲ್ಲಿ ಸೇವೆ ಮಾಡಿದರು. ಕಡೆಗೆ ವಿಜಯದಾಸರಲ್ಲಿಗೇ ಹೋಗಬೇಕಾಯಿತು. ಅವರು ಉತ್ತನೂರಿನ ಗೋಪಾಲದಾಸರ ಬಳಿಗೆ ಕಳಿಸಿದರು. ಇಲ್ಲಿ ಗಮನಿಸಬೇಕಾದದ್ದು ಗುರುವಿನ ಆ ಆಯ್ಕೆಯನ್ನು. ಪಂಡಿತರ ಸಭೆಯಲ್ಲಿ ಕುಳಿತ ಮನುಷ್ಯ ಗೋಪಾಳ ಬೇಡಿ ಉಣ್ಣುವವನ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು. ದಾಸರು ಅವರಿಗೆ ಕೊಟ್ಟದ್ದು ಜೋಳದ ರೊಟ್ಟಿ. ಅನ್ನದ ಅಗುಳೇ ಜೀರ್ಣವಾಗದ ಹೊಟ್ಟೆಗೆ ನಮ್ಮ ಸೀಮೆಯ ಒರಟು ರೊಟ್ಟಿ ಒಗ್ಗಿತು. ಧನ್ವಂತರಿಯನ್ನು ಕುರಿತು ಪದ ಕಟ್ಟಿ ಪ್ರಾರ್ಥಿಸಿದ ದಾಸರು, ಗುರುವಿನ ಅಪ್ಪಣೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಶ್ರೀನಿವಾಸಾಚಾರ್ಯರಿಗೆ ಧಾರೆಯೆರೆದರು ಎಂದು ಪರಂಪರೆ ನಂಬಿದೆ.

ಆಮೇಲೆ ಆಚಾರ್ಯರನ್ನು ಪಂಢರಪುರಕ್ಕೆ ಕಳಿಸಿದರು. ಚಂದ್ರಭಾಗೆಯಲ್ಲಿ ಮುಳುಗಿ ಎದ್ದಾಗ ಅವರಿಗೆ ಜಗನ್ನಾಥವಿಠಲ ಎಂಬ ಅಂಕಿತ ದೊರೆಯಿತು. ಕನ್ನಡವನ್ನು ಅಗ್ಗವೆಂದು ಕಂಡಿದ್ದ ವಿದ್ವಾಂಸ ಜಗನ್ನಾಥದಾಸರಾಗಿ, ಭಾಮಿನಿ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ಬರೆದು, 1809ರವರೆಗೆ ಬದುಕಿದರು. ಎಂಬತ್ತು ದಾಟಿದ ಆ ದೀರ್ಘ ಬಾಳಿನ ಉತ್ತರಾರ್ಧ ಉತ್ತನೂರಿನವರು ಕೊಟ್ಟದ್ದೆಂಬ ನಂಬಿಕೆ ಇಂದಿಗೂ ಹಾಗೇ ಇದೆ. ಪ್ರಸಂಗವನ್ನು ಅಕ್ಷರಶಃ ತೆಗೆದುಕೊಳ್ಳಲು ಒಪ್ಪದವರಿಗೂ ಅದರ ಲೆಕ್ಕ ಅರ್ಥವಾಗಬೇಕು: ಪದ ಕೊಟ್ಟರೆ ಕೊಟ್ಟವನಲ್ಲಿ ಅದು ಕಡಿಮೆಯಾಗುವುದಿಲ್ಲ, ಆಯುಷ್ಯ ಕೊಟ್ಟರೆ ಕಡಿಮೆಯಾಗುತ್ತದೆ. ಗೋಪಾಲದಾಸರು ಎರಡನ್ನೂ ಕೊಟ್ಟವರು.

ಅವರ ಇನ್ನೊಂದು ಅಂಕಿತದಾನ ಕನ್ನಡ ಸ್ತ್ರೀಸಾಹಿತ್ಯದ ದೃಷ್ಟಿಯಿಂದ ದೊಡ್ಡದು. ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿನ ಕಡೆಗೆ ಸೊಸೆಯಾಗಿ ಬಂದ ಗಿರಿಯಮ್ಮ ಸಂಸಾರದ ಗೊಡವೆಯಿಲ್ಲದೆ ಹೆಳವನಕಟ್ಟೆಯ ರಂಗನಾಥನ ಗುಡಿಯಲ್ಲಿ ಹಾಡುತ್ತಿದ್ದ ಹೆಣ್ಣುಮಗಳು. ಆಕೆಗೆ ಅಂಕಿತ ಕೊಟ್ಟವರು ಗೋಪಾಲದಾಸರೆಂದು ಪರಂಪರೆ ಹೇಳುತ್ತದೆ. ಶಿಷ್ಯರಿಗೆಲ್ಲ ವಿಠಲನ ಹೆಸರು ಕೊಡುವುದು ಆ ಪಂಕ್ತಿಯ ರೂಢಿ. ಗಿರಿಯಮ್ಮನಿಗೆ ಮಾತ್ರ ಆಕೆ ನಂಬಿದ ಹೆಳವನಕಟ್ಟೆ ರಂಗನ ಹೆಸರೇ ಮುದ್ರಿಕೆಯಾಯಿತು. ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಲಿಕನ ಕಥೆ ಆ ಮುದ್ರಿಕೆಯೊಡನೆ ಹೆಂಗಸರ ಬಾಯಿಂದ ಬಾಯಿಗೆ ನಡೆದವು. ಅಂಕಿತವಿಲ್ಲದಿದ್ದರೆ ಆ ಕಥೆಗಳು ಜನಪದ ಹಾಡುಗಳ ರಾಶಿಯಲ್ಲಿ ಸೇರಿ, ಬರೆದವಳು ಹೆಣ್ಣೆಂಬ ಸುಳಿವೂ ಉಳಿಯದೆ ಹೋಗಬಹುದಿತ್ತು. ಅಜ್ಜಿಯರ ಹಾಡಿನ ಪುಸ್ತಕಗಳಲ್ಲಿ ಪದಗಳು ತಾಯಿಯಿಂದ ಮಗಳಿಗೆ ಪ್ರತಿಯಾದ ರೀತಿಯನ್ನು ನೋಡಿದವರಿಗೆ ಗೊತ್ತು: ರಾಗದ ಹೆಸರು ಬಿಟ್ಟುಹೋಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ, ನಡುವಿನ ನುಡಿ ಹಿಂದುಮುಂದಾಗಿರುತ್ತದೆ. ಕೊನೆಯ ಅಂಕಿತ ಮಾತ್ರ ಸಾಮಾನ್ಯವಾಗಿ ಸರಿಯಾಗಿರುತ್ತದೆ.

1755ರಲ್ಲಿ ವಿಜಯದಾಸರು ಚಿಪ್ಪಗಿರಿಯಲ್ಲಿ ತೀರಿಕೊಂಡರು. ಅವರ ನಂತರ ಪಂಕ್ತಿಯ ಹಿರಿತನ ಗೋಪಾಲದಾಸರದಾಯಿತು. ಆ ಹೊಣೆಯನ್ನು ಅವರು ಹೊತ್ತದ್ದು ಹೆಚ್ಚು ಕಾಲವಲ್ಲ. 1760ರ ದಶಕದಲ್ಲಿ, ಐವತ್ತು ದಾಟುವ ಮುನ್ನವೇ, ಪುಷ್ಯ ಬಹುಳ ಅಷ್ಟಮಿಯಂದು ಉತ್ತನೂರಿನಲ್ಲಿ ಅವರ ಬಾಳು ಮುಗಿಯಿತು. ಆರಾಧನೆ ಇಂದಿಗೂ ಆ ತಿಥಿಯಂದೇ ನಡೆಯುತ್ತದೆ.

ಬಾಳು ಮುಗಿದ ಮೇಲೆ ಪದಗಳ ಬಾಳು. ಮೊದಲು ಓಲೆಗಳಲ್ಲಿ, ಕಾಗದದ ಹೊತ್ತಿಗೆಗಳಲ್ಲಿ ಅವು ಮನೆತನಗಳ ಪೆಟ್ಟಿಗೆ ಸೇರಿದವು. 1850ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹರ್ಮನ್ ಮೋಗ್ಲಿಂಗರು ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತಂದಾಗ ದಾಸಸಾಹಿತ್ಯ ಮೊದಲ ಬಾರಿಗೆ ಅಚ್ಚಿನ ಮುಖ ಕಂಡಿತು. ಉಡುಪಿಯಲ್ಲಿ ಪಾವಂಜೆ ಗುರುರಾಯರು ಪದಗಳನ್ನು ಸಂಗ್ರಹಿಸಿ ಜನರ ಕೈಗೆಟುಕುವಂತೆ ಪ್ರಕಟಿಸಿದರು. ರಾಯಚೂರು ಸೀಮೆಯ ದಾಸರ ಮಟ್ಟಿಗೆ ದೊಡ್ಡ ಉಪಕಾರ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರದು. ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ವಿಜಯದಾಸರ, ಗೋಪಾಲದಾಸರ ಪಂಕ್ತಿಯ ರಚನೆಗಳನ್ನು ಅವರು ಹೊರತಂದರು. ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಅದನ್ನು ರಕ್ಷಿಸುವ ಕ್ರಮವೆಂದು ನಂಬಿದ್ದ ಕಾಲದಲ್ಲಿ ಅದನ್ನು ಬಿಚ್ಚಿಸಿ ಪ್ರತಿ ಮಾಡುವುದೇ ಒಂದು ತಪಸ್ಸು. ಪ್ರತಿ ಮಾಡದ ಕಾರಣಕ್ಕೆ ಗೆದ್ದಲಿಗೆ ಸಂದ ಪದಗಳೆಷ್ಟೋ. ಪ್ರತಿ ಮಾಡುವುದೆಲ್ಲ ಕಳವೆಂದು ಹೇಳುವವರು ಈ ಸಂಗ್ರಾಹಕರ ಶ್ರಮವನ್ನು ನೆನೆಯಬೇಕು.

ಆದರೆ ಧ್ವನಿಮುದ್ರಣದ ಯುಗ ಬಂದಾಗ ಒಂದು ಹೊಸ ಪದರ ಸೇರಿತು. ಇಲ್ಲಿ ಎಚ್ಚರದಿಂದ ಬಿಡಿಸಿ ನೋಡಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವರ ಹಕ್ಕು ಅವರ ಮರಣಾನಂತರ 60 ವರ್ಷ. ಆ ಲೆಕ್ಕದಲ್ಲಿ ಗೋಪಾಲದಾಸರ ಪದ ಎಲ್ಲರದೂ ಹೌದು. ಹಾಡಲು, ಅಚ್ಚು ಹಾಕಲು, ಕಲಿಸಲು ಯಾರನ್ನೂ ಕೇಳಬೇಕಿಲ್ಲ. ಆ ಪದಕ್ಕೆ ಇಂದಿನ ಸಂಗೀತಗಾರರೊಬ್ಬರು ಹೊಸದಾಗಿ ರಾಗ ಕೂಡಿಸಿದ್ದರೆ ಆ ಸಂಯೋಜನೆ ಅವರದು. ಅದನ್ನು ಮುದ್ರಿಸಿದ ಧ್ವನಿ ಮುದ್ರಿಸಿದವರದು, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷದವರೆಗೆ. ಹಾಡಿದವರಿಗೆ ಕಲಾವಿದರ ಹಕ್ಕು ಬೇರೆಯೇ ಇದ್ದು, 2012ರ ತಿದ್ದುಪಡಿಯ ನಂತರ ವಾಣಿಜ್ಯ ಬಳಕೆಯಲ್ಲಿ ರಾಯಧನಕ್ಕೂ ಅವರು ಅರ್ಹರು. ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡುವುದಕ್ಕೆ, ಧ್ವನಿಮುದ್ರಿಕೆ ಹಾಕುವುದಕ್ಕೆ ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ಆದ್ದರಿಂದ ಆರಾಧನೆಯ ಭಜನೆಗೆ ಯಾರ ತಡೆಯೂ ಇಲ್ಲ. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೊಬೈಲಿನಲ್ಲಿ ಇಳಿಸಿಕೊಂಡ ಪದದಲ್ಲಿ ದಾಸರದ್ದನ್ನು ಯಾರೂ ಕದ್ದಿಲ್ಲ. ಕದ್ದದ್ದಿದ್ದರೆ ಅದು ಹಾಡಿದವರ, ತಂಬೂರಿ ತಬಲ ನುಡಿಸಿದವರ, ಮುದ್ರಣಕ್ಕೆ ದುಡ್ಡು ಹಾಕಿದವರ ಒಂದು ದಿನದ ದುಡಿಮೆ.

ಬೆಲೆಯ ತಪ್ಪು ಎರಡೂ ಕಡೆ ಇದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕ್ಯಾಸೆಟ್ಟಿನ ಕಾಲದಲ್ಲಿ ದೊಡ್ಡ ಕಂಪನಿಯ ಕ್ಯಾಸೆಟ್ಟು ಹಳ್ಳಿಯ ಭಜನಾ ಮಂಡಳಿಗೆ ದುಬಾರಿ; ಸಂತೆಯಲ್ಲಿ ಸಿಗುವ ಕಳ್ಳಪ್ರತಿ ಅಗ್ಗ. 1980ರ ದಶಕದಲ್ಲಿ ಟಿ-ಸೀರೀಸಿನಂಥ ಹೊಸ ಕಂಪನಿಗಳು ಬೆಲೆಯನ್ನು ಬಹುವಾಗಿ ಇಳಿಸಿದಾಗ ಭಕ್ತಿಗೀತೆಗಳ ಮಾರುಕಟ್ಟೆಯೇ ಹಿಗ್ಗಿತು. ಆದರೆ ಅಗ್ಗವಾದ ಕ್ಯಾಸೆಟ್ಟಿನಲ್ಲಿ ಹಾಡಿದ ಸಣ್ಣ ಊರಿನ ಗಾಯಕರಿಗೆ ಒಮ್ಮೆ ಕೊಟ್ಟ ಸಂಭಾವನೆಯೇ ಕೊನೆ. ಎಷ್ಟು ಪ್ರತಿ ಖರ್ಚಾದರೂ ಅವರ ಬುಟ್ಟಿಗೆ ಇನ್ನೊಂದು ಕಾಳು ಬೀಳುತ್ತಿರಲಿಲ್ಲ. ಈಗ ಅಂತರ್ಜಾಲದಲ್ಲಿ ಮಂಡಳಿಯವರು ತಾವೇ ಹಾಡಿ ಏರಿಸಿದ ಸಾಂಪ್ರದಾಯಿಕ ಪದದ ಮೇಲೆ ಯಾವುದೋ ಕಂಪನಿಯ ಯಂತ್ರ ಹಕ್ಕು ಸಾರುವುದುಂಟು. ಮೊಸರಕಲ್ಲಿನ ದಾಯಾದಿಗಳು ನೆನಪಾಗುವುದು ಆಗಲೇ. ಇತ್ತ ಪದವನ್ನು ಹಂಚುವ ನಮ್ಮವರು ಚಿತ್ರ ಅಂಟಿಸಿ, ಕೊನೆಯ ನುಡಿಯನ್ನು ಸಮಯ ಉಳಿಸಲು ಕತ್ತರಿಸಿಬಿಡುತ್ತಾರೆ. ಕತ್ತರಿಗೆ ಸಿಗುವುದು ಅಂಕಿತವೇ. ಹಾಡಿದವರ ಹೆಸರೂ ಇರುವುದಿಲ್ಲ, ಬರೆದವರ ಮುದ್ರಿಕೆಯೂ ಇರುವುದಿಲ್ಲ. ಯಾರ ಗೋಪಾಳವನ್ನು ಯಾರ ಬುಟ್ಟಿಗೆ ಹಾಕಬೇಕೆಂಬುದೂ ಕೇಳುವವರಿಗೆ ತಿಳಿಯುವುದಿಲ್ಲ.

ಗೋಪಾಲದಾಸರ ಪಂಕ್ತಿಯಲ್ಲಿ ಇದಕ್ಕೆ ಬೇರೆಯದೇ ಆದ ಒಂದು ನಡವಳಿಕೆಯಿತ್ತು. ಅವರು ಅಂಕಿತದ ದಾರಿ ತೋರಿದ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ 32 ಸಂಧಿಗಳು. ಅದರ ಕೊನೆಗೆ ಫಲಸ್ತುತಿಯ ಒಂದು ಸಂಧಿ ಸೇರಿಕೊಂಡು ಈಗ ಎಲ್ಲರ ಪಾರಾಯಣದಲ್ಲಿದೆ. ಷಟ್ಪದಿಯೂ ಅದೇ, ಧಾಟಿಯೂ ಅದೇ; ಗುರುವಿನದೆಂದೇ ಸಾಗಹಾಕಿದ್ದರೆ ಎರಡು ಶತಮಾನಗಳಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ. ಬರೆದವರು ಶಿಷ್ಯರಾದ ಕರ್ಜಗಿಯ ದಾಸಪ್ಪನವರು. ಅವರು ಅದರಲ್ಲಿ ಜಗನ್ನಾಥವಿಠಲ ಎಂದು ಬರೆಯಲಿಲ್ಲ. ತಮಗೆ ದೊರೆತ ಶ್ರೀದವಿಠಲ ಎಂಬ ಅಂಕಿತವನ್ನೇ ಇಟ್ಟರು.